ಕಾಲ್ಚೀಲದಲ್ಲಿ ಕಟ್ಟಿದ ಆಮೆಗಳು: ಕಸ್ಟಮ್ಸ್ ಕೆಲಸದಲ್ಲಿ ನನ್ನ ಅನುಭವ

ರಾತ್ರಿ ಎರಡೂವರೆ ಇರಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಾನು ಆಗ ಡಿಪಾರ್ಚರ್ ಕಡೆ ಕಸ್ಟಮ್ಸ್ ಸೂಪರಿಂಟೆಂಡೆಂಟ್. ಲಗೇಜ್ ಸ್ಕ್ರೀನಿಂಗ್ ಮಾಡುವ ಹುಡುಗ ಫೋನ್ ಮಾಡಿದ. "ಸಾರ್, ಒಂದು ಬ್ಯಾಗ್ ಇದೆ. ಏನು ಅಂತ ಗೊತ್ತಾಗ್ತಾ ಇಲ್ಲ. ಆಲೂಗಡ್ಡೆ ತುಂಬಿದ ಹಾಗಿದೆ. ಸ್ವಲ್ಪ ಬನ್ನಿ."

ಹೋಗಿ ನೋಡಿದೆ. ಎಕ್ಸ್‌ರೇ ತೆರೆಯ ಮೇಲೆ ಕಿತ್ತಳೆ ಬಣ್ಣದ ಗುಂಡಗಿನ ಆಕಾರಗಳು, ಸಾಲು ಸಾಲಾಗಿ. ಮೂರು ಮೂರು ಒಂದರ ಹಿಂದೆ ಒಂದು. ನಿಜವಾಗ್ಲೂ ಆಲೂಗಡ್ಡೆಯ ಹಾಗೇ ಇತ್ತು. ಚಿತ್ರವನ್ನು ದೊಡ್ಡದು ಮಾಡಿ ಅಂದೆ. ಆಗ ಒಂದರ ಅಂಚಿನಲ್ಲಿ ಬೆಂಕಿಕಡ್ಡಿಗಿಂತ ತೆಳ್ಳಗಿನ ಒಂದು ಗೆರೆ ಕಂಡಿತು. ಮಡಚಿಕೊಂಡ ಕಾಲಿನ ಮೂಳೆ.

ನಾನು ಪಾವಗಡದ ಕಡೆಯವನು. ಚಿಕ್ಕವನಿದ್ದಾಗ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕಡಲೆಕಾಯಿ ಹೊಲದ ಬೇಲಿ ಪಕ್ಕ ಈ ಆಮೆಗಳು ಹೊರಗೆ ಬರುತ್ತಿದ್ದವು. ಕಪ್ಪು ಬೆನ್ನು, ಅದರ ಮೇಲೆ ಹಳದಿ ಗೆರೆಗಳ ನಕ್ಷತ್ರ. ನಾವು ಹುಡುಗರು ಅದರ ಹಿಂದೆ ನಡೆಯುತ್ತಿದ್ದೆವು. ಅದು ನಿಂತರೆ ನಾವೂ ನಿಲ್ಲುವುದು. ಹಾಗಾಗಿ ತೆರೆಯ ಮೇಲೆ ಆ ಗೆರೆ ಕಂಡ ಕೂಡಲೇ ಹೊಟ್ಟೆಯೊಳಗೆ ಏನೋ ಆಯಿತು. ಇವು ನಮ್ಮ ಊರಿನವು.

ಬ್ಯಾಗಿನ ಪ್ರಯಾಣಿಕನನ್ನು ಕರೆಸಿದೆವು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗ, ಬ್ಯಾಂಕಾಕ್‌ಗೆ ಹೊರಟಿದ್ದ. ಪಾಸ್‌ಪೋರ್ಟ್ ಹೊಸದು, ಬ್ಯಾಗೂ ಹೊಸದು. ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು ಬ್ಯಾಗ್ ತೆಗೆದೆವು. ಮೇಲೆ ಎರಡು ಶರ್ಟು, ಒಂದು ಟವೆಲ್. ಅದರ ಕೆಳಗೆಲ್ಲ ನೈಲಾನ್ ಕಾಲ್ಚೀಲ. ಒಂದೊಂದು ಕಾಲ್ಚೀಲದಲ್ಲಿ ಮೂರು ಮರಿ, ನಡುನಡುವೆ ರಬ್ಬರ್ ಬ್ಯಾಂಡ್. ಕಾಲು ಅಲ್ಲಾಡಿಸದ ಹಾಗೆ, ಸದ್ದು ಬಾರದ ಹಾಗೆ ಕಟ್ಟಿದ್ದರು. ಆಮೆ ಕೆಲವು ದಿನ ಅನ್ನ ನೀರು ಇಲ್ಲದೆ ಬದುಕುತ್ತದೆ, ಕೂಗುವುದಿಲ್ಲ. ಕಳ್ಳಸಾಗಣೆಯವರಿಗೆ ಇದಕ್ಕಿಂತ ಅನುಕೂಲ ಏನು ಬೇಕು?

"ಯಾರಪ್ಪ ಕೊಟ್ಟಿದ್ದು ಇದನ್ನ?" ಅಂದೆ.

"ಗೊತ್ತಿಲ್ಲ ಸಾರ್. ಮೆಜೆಸ್ಟಿಕ್‌ನಲ್ಲಿ ಒಬ್ರು ಬ್ಯಾಗ್ ಕೊಟ್ರು. ಅಲ್ಲಿ ಇಳಿದ ಮೇಲೆ ಒಬ್ರು ಬಂದು ತಗೋತಾರೆ ಅಂದ್ರು. ಹದಿನೈದು ಸಾವಿರ ಕೊಡ್ತೀವಿ ಅಂದ್ರು."

ಅವನು ಸುಳ್ಳು ಹೇಳುತ್ತಿರಲಿಲ್ಲ ಅಂತ ಈಗಲೂ ನನಗೆ ಅನಿಸುತ್ತದೆ. ಬ್ಯಾಗ್ ಹೊರುವವನಿಗೆ ಯಾವತ್ತೂ ಪೂರ್ತಿ ವಿಷಯ ಗೊತ್ತಿರುವುದಿಲ್ಲ.

ಚಿನ್ನ ಹಿಡಿದಾಗ ನಮ್ಮ ಕೆಲಸ ಸುಲಭ. ತೂಕ ಹಾಕು, ಚಿನ್ನದ ಕೆಲಸದವರನ್ನು ಕರೆಸಿ ಪರೀಕ್ಷೆ ಮಾಡಿಸು, ಮಹಜರು ಬರೆ, ಸೀಲು ಹಾಕಿ ತಿಜೋರಿಗೆ ಇಡು. ಬೆಳಗ್ಗೆ ತನಕ ಅದು ಅಲ್ಲೇ ಇರುತ್ತದೆ, ಒಂದು ಗ್ರಾಂ ಕಡಿಮೆ ಆಗುವುದಿಲ್ಲ. ಜೀವ ಇರುವ ವಸ್ತುವಿಗೆ ತಿಜೋರಿ ಇಲ್ಲ. ನಾವು ಮಹಜರು ಬರೆಯುತ್ತಾ ಕೂತ ಮೂರು ಗಂಟೆಯಲ್ಲಿ ಅದು ಸಾಯಬಹುದು. ಕಸ್ಟಮ್ಸ್‌ನಲ್ಲಿ ಮೂವತ್ತು ವರ್ಷ ಇದ್ದು ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ: ಕಾಗದ ಓದುವ ಕಣ್ಣು ಬೇರೆ, ವಸ್ತುವನ್ನು ಓದುವ ಕಣ್ಣು ಬೇರೆ. ನಮಗೆ ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತಾರೆ. ಎರಡನೆಯದನ್ನು ನಾವೇ ಕಲಿತುಕೊಳ್ಳಬೇಕು.

ಆವತ್ತು ನನಗೆ ಆ ಎರಡನೆಯದರಲ್ಲಿ ಅರ್ಧ ಮಾತ್ರ ಗೊತ್ತಿತ್ತು. ಇದು ನಕ್ಷತ್ರ ಆಮೆ ಅಂತ ಗೊತ್ತಿತ್ತು. ಮುಂದೇನು ಮಾಡಬೇಕು ಅಂತ ಗೊತ್ತಿರಲಿಲ್ಲ. ನಮ್ಮ ಹವಾಲ್ದಾರರೊಬ್ಬರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಏರ್‌ಪೋರ್ಟ್ ಕ್ಲಿನಿಕ್‌ನಿಂದ ತುದಿ ಮೊಂಡಾದ ಕತ್ತರಿ ತಂದರು. "ಸಾರ್, ಚೂಪಿನ ಕತ್ತರಿ ಬೇಡ, ಕಾಲಿಗೆ ತಾಗುತ್ತೆ" ಅಂದರು. ಒಂದೊಂದೇ ಕಾಲ್ಚೀಲ ಕತ್ತರಿಸಿ ಮರಿಗಳನ್ನು ಟವೆಲ್ ಮೇಲೆ ಇಟ್ಟೆವು. ಹುಣಸೆಬೀಜದ ಡಬ್ಬಿ ಬಗ್ಗಿಸಿದ ಹಾಗೆ ಬರುತ್ತಲೇ ಇದ್ದವು. ಇನ್ನೂರಕ್ಕೂ ಜಾಸ್ತಿ. ದೊಡ್ಡದು ನನ್ನ ಅಂಗೈಯಲ್ಲಿ ಹಿಡಿಸುವಷ್ಟು. ಚಿಕ್ಕದು ಹಳೇ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು.

ಬನ್ನೇರುಘಟ್ಟದ ಕಡೆಯ ಪಶುವೈದ್ಯರೊಬ್ಬರ ನಂಬರು ಹುಡುಕಿ ಫೋನ್ ಮಾಡಿದೆ. ನಿದ್ದೆಯಿಂದ ಎದ್ದು ಮಾತಾಡಿದರು, ಒಂದು ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ.

"ಎಸಿ ಆಫ್ ಮಾಡಿ ಸಾರ್ ಮೊದಲು. ಅಗಲವಾದ ಟಬ್ ತಗೊಳ್ಳಿ. ನೀರು ಬಿಸಿ ಬೇಡ, ಬೆಚ್ಚಗಿರಲಿ. ಅದರ ಗದ್ದದ ಮಟ್ಟಕ್ಕೆ ಮಾತ್ರ. ಹತ್ತು ಹದಿನೈದು ನಿಮಿಷ ಬಿಡಿ, ಅವೇ ಕುಡೀತವೆ. ತಿನ್ನೋಕೆ ಏನೂ ಕೊಡಬೇಡಿ."

ಸ್ಟಾಫ್ ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದೆವು. ಕೂಸಿಗೆ ನೀರು ನೋಡುವ ಹಾಗೆ. ಬ್ಯಾಗೇಜ್ ಟ್ರೇಗಳೇ ಟಬ್ ಆದವು. ಮೊದಮೊದಲು ಯಾವುದೂ ಅಲುಗಾಡಲಿಲ್ಲ. ಆಮೇಲೆ ಒಂದು ತಲೆ ಹೊರಗೆ ಹಾಕಿತು. ಮೂತಿಯನ್ನು ನೀರಿಗಿಟ್ಟು ಗಂಟಲು ಆಡಿಸಿತು. ಸ್ವಲ್ಪ ಹೊತ್ತಿನಲ್ಲಿ ಟ್ರೇ ತುಂಬಾ ಅದೇ ಸಣ್ಣ ಚಲನೆ. ಸಾಕ್ಷಿಗೆ ಬಂದಿದ್ದ ಗ್ರೌಂಡ್ ಸ್ಟಾಫ್ ಹುಡುಗಿ ಶಿಫ್ಟ್ ಮುಗಿದರೂ ಮನೆಗೆ ಹೋಗಲಿಲ್ಲ.

ಒಂಬತ್ತು ಮರಿ ತಲೆ ಹೊರಗೆ ಹಾಕಲೇ ಇಲ್ಲ.

ಈಗ ಕಾನೂನಿನ ವಿಷಯ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಗೊಂದಲ ಆಗುವುದು ಇಲ್ಲೇ. ನಮಗೆ ಅಧಿಕಾರ ಬರುವುದು 1962ರ ಕಸ್ಟಮ್ಸ್ ಕಾಯ್ದೆಯಿಂದ. 110ನೇ ಸೆಕ್ಷನ್ ಪ್ರಕಾರ ವಶಪಡಿಸಿಕೊಳ್ಳಬಹುದು, 108ರಲ್ಲಿ ಹೇಳಿಕೆ ಪಡೆಯಬಹುದು, 104ರಲ್ಲಿ ಬಂಧಿಸಬಹುದು. ಆದರೆ ಆಮೆಯನ್ನು ಕಾಪಾಡುವ ಕಾನೂನು 1972ರ ವನ್ಯಜೀವಿ ಕಾಯ್ದೆ. ಅದರ ಕೇಸು ನಡೆಸಬೇಕಾದವರು ಅರಣ್ಯ ಇಲಾಖೆ ಮತ್ತು ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋದವರು. ಬ್ಯೂರೋ ಶುರುವಾಗಿದ್ದು 2007ರಲ್ಲಿ. ದಕ್ಷಿಣಕ್ಕೆ ಅವರ ಪ್ರಾದೇಶಿಕ ಕಚೇರಿ ಚೆನ್ನೈನಲ್ಲಿದೆ. ಇನ್ನು ಅಳಿವಿನ ಭಯ ಇರುವ ಪ್ರಾಣಿ, ಗಿಡಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಸೈಟ್ಸ್ ಒಪ್ಪಂದ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಆದದ್ದು, ಭಾರತ ಸೇರಿದ್ದು 1976ರಲ್ಲಿ. ಅಂದರೆ ಒಂದು ಆಮೆ ಸಿಕ್ಕರೆ ಮೂರು ಕಾನೂನು, ಕನಿಷ್ಠ ಮೂರು ಕಚೇರಿ. ಗಡಿಯ ಬಾಗಿಲಲ್ಲಿ ನಿಂತಿರುವವರು ಮಾತ್ರ ನಾವು. ಬ್ಯಾಗ್ ತೆಗೆಯುವ ಕೈ ನಮ್ಮದೇ. ಆ ಕೈಗೆ ಗೊತ್ತಾಗದಿದ್ದರೆ ಉಳಿದ ಯಾರಿಗೂ ಗೊತ್ತಾಗುವುದಿಲ್ಲ.

ಆ ರಾತ್ರಿಯ ನಂತರ ನಾನು ಮಾಡಿದ ಮೊದಲ ಕೆಲಸ, ಫೋನ್ ನಂಬರುಗಳ ಒಂದು ಪಟ್ಟಿ. ಪಶುವೈದ್ಯರು, ಹಾವು ಹಿಡಿಯುವವರು, ಅರಣ್ಯ ಇಲಾಖೆಯ ರಾತ್ರಿ ಪಾಳಿಯವರು, ಚೆನ್ನೈ ಬ್ಯೂರೋ, ಪ್ರಾಣಿ ಕ್ವಾರಂಟೈನ್ ವಿಭಾಗ, ಮರ ಗುರುತಿಸುವವರು, ಗ್ಯಾಸ್ ಪರೀಕ್ಷೆ ಮಾಡುವ ಲ್ಯಾಬ್. ಅದನ್ನು ಗೋಡೆಗೆ ಅಂಟಿಸಿದೆ. ಮೂರು ತಿಂಗಳಿಗೊಮ್ಮೆ ಪ್ರತಿ ನಂಬರಿಗೂ ಫೋನ್ ಮಾಡಿ, ಅದೇ ವ್ಯಕ್ತಿ ಇದ್ದಾರಾ ಅಂತ ನೋಡುತ್ತಿದ್ದೆ. ಸಣ್ಣ ಕೆಲಸ ಅನಿಸುತ್ತದೆ, ಅಲ್ವಾ? ಆದರೆ ರಾತ್ರಿ ಮೂರು ಗಂಟೆಗೆ ವರ್ಗಾವಣೆಯಾಗಿ ಹೋದ ಅಧಿಕಾರಿಯ ನಂಬರು ಇಟ್ಟುಕೊಂಡು ಏನು ಮಾಡುವುದು?

ಆಮೇಲೆ ನನ್ನನ್ನು ಅರೈವಲ್ ಕಡೆ ಹಾಕಿದರು. ಅಲ್ಲಿ ಕಥೆ ಉಲ್ಟಾ. ನಮ್ಮ ಆಮೆಗಳು ಬ್ಯಾಂಕಾಕ್‌ಗೆ ಹೋಗುತ್ತಿದ್ದವು. ಬ್ಯಾಂಕಾಕ್‌ನಿಂದ ಇಲ್ಲಿಗೆ ಪ್ರಪಂಚದ ಎಲ್ಲ ಕಾಡಿನ ಮರಿಗಳು ಬರುತ್ತಿದ್ದವು. ಆಫ್ರಿಕಾದ ಬಾಲ್ ಹೆಬ್ಬಾವು, ದಕ್ಷಿಣ ಅಮೆರಿಕದ ಇಗುವಾನಾ, ಸಣ್ಣ ಸಣ್ಣ ಕೋತಿಗಳು. ಬೆಂಗಳೂರಿನಲ್ಲಿ 2023ರಲ್ಲಿ ನಡೆದದ್ದನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಆಗಸ್ಟ್‌ನಲ್ಲಿ ಒಂದೇ ಪ್ರಯಾಣಿಕನ ಟ್ರಾಲಿ ಬ್ಯಾಗಿನಲ್ಲಿ 234 ಪ್ರಾಣಿಗಳು ಸಿಕ್ಕವು. ಅದರಲ್ಲಿ ಒಂದು ಕಾಂಗರೂ ಮರಿ, ಉಸಿರುಗಟ್ಟಿ ಸತ್ತಿತ್ತು. ಸೆಪ್ಟೆಂಬರ್‌ನಲ್ಲಿ ವಾರಸುದಾರರಿಲ್ಲದ ಬ್ಯಾಗಿನಲ್ಲಿ 55 ಬಾಲ್ ಹೆಬ್ಬಾವು, 17 ಕಾಳಿಂಗ ಸರ್ಪ, ಸತ್ತ 6 ಕಪುಚಿನ್ ಕೋತಿಗಳು. ಮುಂದಿನ ವರ್ಷ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡ.

ಆ 17 ಕಾಳಿಂಗ ಸರ್ಪಗಳನ್ನು ನಾನು ಹೊಸ ಇನ್‌ಸ್ಪೆಕ್ಟರ್‌ಗಳಿಗೆ ಮತ್ತೆ ಮತ್ತೆ ನೆನಪಿಸುತ್ತೇನೆ. ಬಟ್ಟೆಯ ಚೀಲ ಕಂಡರೆ, ಅದು ಅಲುಗಾಡಿದರೆ, ಕೈ ಹಾಕಬೇಡಿ. "ಸಾಕುವ ಹಾವು ಸಾರ್, ಕಚ್ಚಲ್ಲ" ಅಂತ ಪ್ರಯಾಣಿಕ ಹೇಳಿದರೆ ನಂಬಬೇಡಿ. ಒಳಗೇನಿದೆ ಅಂತ ಎಷ್ಟೋ ಸಲ ಅವನಿಗೇ ಗೊತ್ತಿರುವುದಿಲ್ಲ. ಚೀಲದ ಗಂಟು ಬಿಚ್ಚದೆ ಗಟ್ಟಿ ಮುಚ್ಚಳದ ಪೆಟ್ಟಿಗೆಗೆ ಇಳಿಸಿ, ಹಾವಿನವರು ಬರುವ ತನಕ ಕಾಯಿರಿ. ಮಹಜರು ಒಂದು ಗಂಟೆ ತಡವಾದರೆ ಪ್ರಪಂಚ ಮುಳುಗುವುದಿಲ್ಲ.

ಸಾವಿರಾರು ಪ್ರಯಾಣಿಕರಲ್ಲಿ ಯಾರನ್ನು ನಿಲ್ಲಿಸುವುದು? ಎಲ್ಲರೂ ಇದನ್ನೇ ಕೇಳುತ್ತಾರೆ. ವಿಮಾನ ಇಳಿಯುವ ಮೊದಲೇ ಪ್ರಯಾಣಿಕರ ಪಟ್ಟಿ ನಮಗೆ ಬರುತ್ತದೆ. ಎರಡು ಮೂರು ದಿನದ ಪ್ರವಾಸ, ಟಿಕೆಟ್‌ಗೆ ಬೇರೆ ಯಾರೋ ದುಡ್ಡು ಕೊಟ್ಟಿರುವುದು, ಅದೇ ಊರಿಗೆ ತಿಂಗಳಲ್ಲಿ ಎರಡು ಸಲ. ಇದೆಲ್ಲ ಕಂಪ್ಯೂಟರ್ ಹೇಳುತ್ತದೆ. ಅದು ಹೇಳದ್ದನ್ನು ಬೆಲ್ಟ್ ಹತ್ತಿರ ನಿಂತು ನೋಡಬೇಕು. ಸಾಮಾನ್ಯ ಪ್ರಯಾಣಿಕ ಬ್ಯಾಗನ್ನು ಬೆಲ್ಟ್‌ನಿಂದ ಎಳೆದು ಟ್ರಾಲಿಗೆ ಎಸೆಯುತ್ತಾನೆ. ಒಳಗೆ ಜೀವ ಇದೆ ಅಂತ ಗೊತ್ತಿರುವವನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ಇಳಿಸುತ್ತಾನೆ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮೂಗೂ ಕೆಲಸ ಮಾಡಬೇಕು. ಮುಚ್ಚಿದ ಬ್ಯಾಗಿನೊಳಗಿನ ಪ್ರಾಣಿಯ ಉಚ್ಚೆಯ ವಾಸನೆಯನ್ನು ಯಾವ ಸೆಂಟೂ ಪೂರ್ತಿ ಮುಚ್ಚುವುದಿಲ್ಲ.

ಹಿಡಿದ ಮೇಲೆ ಈ ಪ್ರಾಣಿಗಳನ್ನು ಏನು ಮಾಡುವುದು? ನಮ್ಮ ಕಾಡಿಗೆ ಬಿಡುವ ಹಾಗಿಲ್ಲ. ಇವು ಇಲ್ಲಿಯವಲ್ಲ, ಜೊತೆಗೆ ಯಾವ ರೋಗ ತಂದಿವೆಯೋ ಗೊತ್ತಿಲ್ಲ. ಬದುಕಿದ್ದರೆ, ಪ್ರಯಾಣ ತಡೆಯುವ ಶಕ್ತಿ ಇದ್ದರೆ, ಬಂದ ದೇಶಕ್ಕೇ ವಾಪಸ್ ಕಳಿಸುವುದು. ಇಲ್ಲದಿದ್ದರೆ ಬನ್ನೇರುಘಟ್ಟದಂಥ ಕಡೆ. ವಾಪಸ್ ಕಳಿಸುವುದು ಸರಿ ಅಂತ ಕಾಗದದ ಮೇಲೆ ಕಾಣುತ್ತದೆ. ಆದರೆ ಅರ್ಧ ಜೀವ ಆಗಿರುವ ಮರಿಯನ್ನು ಮತ್ತೆ ವಿಮಾನಕ್ಕೆ ಹತ್ತಿಸುವ ಆದೇಶಕ್ಕೆ ಸಹಿ ಹಾಕುವಾಗ ನನ್ನ ಕೈ ಪ್ರತಿ ಸಲವೂ ತಡೆದಿದೆ. ವೈದ್ಯರು ಬರೆದು ಕೊಡದೆ ನಾನು ಕಳಿಸಿದ್ದಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಲೇಬೇಕು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಅವಕಾಶ ಕೊಟ್ಟಿತು. ವಿದೇಶಿ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ತಾವಾಗೇ ಹೇಳಿಕೊಂಡರೆ ದಾಖಲೆ ಕೇಳುವುದಿಲ್ಲ ಅಂತ. ದೇಶದಲ್ಲಿ ಎಷ್ಟಿವೆ ಅಂತ ಲೆಕ್ಕ ಸಿಗಲಿ ಎನ್ನುವುದು ಉದ್ದೇಶ, ಅದು ಒಳ್ಳೆಯದೇ. ಆದರೆ ಬಾಗಿಲಲ್ಲಿ ನಿಂತ ನಮ್ಮಂಥವರಿಗೆ ಆ ಆರು ತಿಂಗಳು ಚಿಂತೆಯ ಕಾಲ. ಬಾಗಿಲು ದಾಟಿ ಒಳಗೆ ಹೋದ ಹೆಬ್ಬಾವು "ಇದು ನಮ್ಮ ಮನೆಯಲ್ಲೇ ಹುಟ್ಟಿದ್ದು" ಆಗಿಬಿಡುತ್ತದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟ್ಸ್ ಪಟ್ಟಿಯ ವಿದೇಶಿ ಪ್ರಾಣಿಗಳಿಗೂ ಅದರಲ್ಲಿ ಪ್ರತ್ಯೇಕ ಶೆಡ್ಯೂಲ್, ಅಂದರೆ ಕಾಯ್ದೆಯೊಳಗಿನ ಪಟ್ಟಿ, ಬಂತು. 2024ರಲ್ಲಿ ನೋಂದಣಿಯ ನಿಯಮವೂ ಬಂತು. ಈಗ ಮೊದಲಿಗಿಂತ ಎಷ್ಟೋ ವಾಸಿ. ಆದರೂ ಪ್ರಾಣಿ ದೇಶದೊಳಗೆ ಬಂದ ಮೇಲೆ ಹುಡುಕುವುದಕ್ಕಿಂತ ಬಾಗಿಲಲ್ಲೇ ಹಿಡಿಯುವುದು ನೂರು ಪಾಲು ಸುಲಭ. ಅಲ್ಲಿ ಇನ್ನೂ ಜಾಸ್ತಿ ಜನ ಬೇಕು.

ವಿಮಾನ ನಿಲ್ದಾಣದ ಮುಂಚೆ ನಾನು ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಲ್ಲಿದ್ದೆ. ಅಲ್ಲಿಂದ ಕಂಟೇನರ್‌ಗಳು ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುತ್ತವೆ. ಅಲ್ಲಿನ ದೊಡ್ಡ ತಲೆನೋವು ರಕ್ತಚಂದನ. ಆಂಧ್ರದ ಕಡಪ, ಚಿತ್ತೂರು, ನೆಲ್ಲೂರು ಮತ್ತು ಅದರ ಅಕ್ಕಪಕ್ಕದ ಬೆಟ್ಟಗಳಲ್ಲಿ ಬಿಟ್ಟರೆ ಈ ಮರ ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಚೀನಾ, ಜಪಾನ್ ಕಡೆ ಇದಕ್ಕೆ ಬೇಡಿಕೆ. ಪೀಠೋಪಕರಣಕ್ಕೆ, ವಾದ್ಯಕ್ಕೆ ಬಳಸುತ್ತಾರೆ. 1995ರಿಂದ ಸೈಟ್ಸ್ ಪಟ್ಟಿಯಲ್ಲಿದೆ.

ಒಂದು ದಿನ ಗ್ರಾನೈಟ್ ಸ್ಲ್ಯಾಬ್ ಅಂತ ಬರೆದ ಇಪ್ಪತ್ತು ಅಡಿ ಕಂಟೇನರ್ ಬಂತು. ಶಿಪ್ಪಿಂಗ್ ಬಿಲ್ ಸರಿ, ಇನ್‌ವಾಯ್ಸ್ ಸರಿ, ಸೀಲು ಸರಿ. ತೂಕ ಮಾತ್ರ ಹದಿನಾರು ಟನ್ ಚಿಲ್ಲರೆ. ಗ್ರಾನೈಟ್ ಕಳಿಸುವವರು ಸಾಗಣೆ ಖರ್ಚು ಕಂಟೇನರ್ ಲೆಕ್ಕದಲ್ಲಿ ಕೊಡುತ್ತಾರೆ. ಇಪ್ಪತ್ತೈದು ಇಪ್ಪತ್ತಾರು ಟನ್ ತುಂಬಬಹುದಾದ ಕಡೆ ಹದಿನಾರು ಯಾಕೆ ತುಂಬುತ್ತಾರೆ? ಆ ಒಂದು ಪ್ರಶ್ನೆ ಬಿಟ್ಟರೆ ನನ್ನ ಬಳಿ ಬೇರೇನೂ ಇರಲಿಲ್ಲ.

ಕಂಟೇನರ್ ಸುತ್ತ ಒಂದು ಸುತ್ತು ಬಂದೆ. ಬಾಗಿಲಿನ ಹಿಡಿಕೆಗೆ ಹೊಡೆದಿದ್ದ ರಿವೆಟ್‌ಗಳ ಮೇಲೆ ಕೈ ಆಡಿಸಿದೆ. ಉಳಿದ ಕಡೆ ಬಣ್ಣ ಬಿಸಿಲಿಗೆ ಒಣಗಿ ಪುಡಿ ಪುಡಿಯಾಗಿ ಕೈಗೆ ಅಂಟುತ್ತಿತ್ತು. ಒಂದು ರಿವೆಟ್ ಸುತ್ತ ಮಾತ್ರ ನುಣ್ಣಗೆ. ಉಗುರಿನಲ್ಲಿ ಕೆರೆದೆ. ಒಳಗೆ ಹೊಸ ಬೋಲ್ಟ್ ಹೊಳೆಯಿತು. ಸೀಲನ್ನು ಮುಟ್ಟದೆ, ಹಿಡಿಕೆಯನ್ನೇ ಬಿಚ್ಚಿ ಬಾಗಿಲು ತೆಗೆದು, ಒಳಗಿನ ಮಾಲು ಬದಲಿಸಿ, ಮತ್ತೆ ಬೋಲ್ಟ್ ಹಾಕಿ ಬಣ್ಣ ಬಳಿದಿದ್ದರು.

ಬಾಗಿಲು ತೆಗೆಸಿದೆವು. ಮುಂದೆ ಎರಡು ಸಾಲು ಸ್ಲ್ಯಾಬ್. ಹಿಂದೆ ಗೋಣಿ ಸುತ್ತಿದ ದಿಮ್ಮಿಗಳು. ಸಿಪ್ಪೆ ಕೆತ್ತಿದ್ದರು, ಒಳಗೆ ಕಡುಗೆಂಪು. ಕೂಲಿಯವರೊಬ್ಬರು ಬಕೆಟ್ ನೀರು ತಂದರು. ಸಣ್ಣ ತುಂಡೊಂದನ್ನು ಹಾಕಿದೆ. ಕಲ್ಲಿನ ಹಾಗೆ ತಳಕ್ಕೆ ಹೋಯಿತು. ರಕ್ತಚಂದನದ ಚೇಗು ನೀರಿಗಿಂತ ಭಾರ, ತೇಲುವುದಿಲ್ಲ. ಇನ್ನೊಂದು ತುಂಡನ್ನು ಸ್ಪಿರಿಟ್‌ನಲ್ಲಿ ನೆನೆಸಿದರೆ ಕೆಂಪು ಬಿಟ್ಟುಕೊಂಡಿತು. ಇದು ಅನುಮಾನ ಗಟ್ಟಿ ಮಾಡಿಕೊಳ್ಳಲು ಮಾತ್ರ. ಕೋರ್ಟಿಗೆ ಮರದ ತಜ್ಞರ ವರದಿಯೇ ಬೇಕು. ಆದರೆ ಕಂಟೇನರನ್ನು ರೈಲು ಹತ್ತದ ಹಾಗೆ ನಿಲ್ಲಿಸಲು ಬಕೆಟ್ ನೀರು ಸಾಕಾಯಿತು.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನ ಇಲ್ಲ.

ಪರಿಸರದ ಕಳ್ಳಸಾಗಣೆ ಅಂದರೆ ಪ್ರಾಣಿ, ಮರ ಅಷ್ಟೇ ಅಲ್ಲ. ಫ್ರಿಜ್, ಎಸಿಗೆ ತುಂಬುವ ಗ್ಯಾಸೂ ಅದೇ. ಓಝೋನ್ ಪದರ ಹಾಳು ಮಾಡುವ ಗ್ಯಾಸ್‌ಗಳನ್ನು ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು, ಭಾರತ 1992ರಲ್ಲಿ ಸೇರಿತು. ನಮ್ಮ ದೇಶದ ನಿಯಮ 2000ದಲ್ಲಿ ಬಂತು. ಹಳೆಯ ಫ್ರಿಜ್‌ಗಳಲ್ಲಿದ್ದ ಆರ್-12 ಗ್ಯಾಸ್ 2010ರ ಹೊತ್ತಿಗೆ ಪ್ರಪಂಚದಲ್ಲೆಲ್ಲ ನಿಂತಿತು. ನಿಂತ ಮೇಲೆ ಅದಕ್ಕೆ ಕಳ್ಳ ಬೇಡಿಕೆ. ಹಳೆಯ ಯಂತ್ರ ಇಟ್ಟುಕೊಂಡವರು ಹೊಸದು ಕೊಳ್ಳುವ ಬದಲು ಹಳೆಯ ಗ್ಯಾಸನ್ನೇ ಹುಡುಕುತ್ತಾರೆ.

ಆ ಕಾಲದಲ್ಲಿ ಒಂದು ಲೋಡ್ ಬಂತು. 13.6 ಕಿಲೋದ ಸಿಲಿಂಡರ್‌ಗಳು. ತಿಳಿನೀಲಿ ಬಣ್ಣ, ಮೇಲೆ ಆರ್-134ಎ ಅಂತ ಬರಹ. ಅದು ಅನುಮತಿ ಇರುವ ಗ್ಯಾಸ್. ಬಣ್ಣ ನಂಬಬಾರದು ಅಂತ ನನಗೆ ಗೊತ್ತಿತ್ತು. ಪ್ರೆಶರ್ ಗೇಜ್ ತರಿಸಿ ಹಾಕಿಸಿದೆ. ಬೆಂಗಳೂರಿನ ಹವೆ, 25 ಡಿಗ್ರಿ. ಮುಳ್ಳು 80ರ ಹತ್ತಿರ ನಿಂತಿತು. ಪುಸ್ತಕದಲ್ಲಿ 134ಎಗೆ ಅಷ್ಟೇ ಇರಬೇಕು ಅಂತಿತ್ತು. ಸರಿ ಅಂತ ಬಿಟ್ಟೆ. ನಾನೇನೋ ಬಹಳ ಜಾಗ್ರತೆ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ ಬೇರೆ ಬಂದರಿನ ಗೆಳೆಯರೊಬ್ಬರು ಫೋನ್ ಮಾಡಿದರು. ಅದೇ ಕಡೆಯಿಂದ ಬಂದ ಅದೇ ಥರದ ಸಿಲಿಂಡರ್. ಅವರ ಬಳಿ ಗ್ಯಾಸ್ ಐಡೆಂಟಿಫೈಯರ್ ಯಂತ್ರ ಇತ್ತು. ಒಳಗಿದ್ದದ್ದು ಆರ್-12. ಆಗ ಕೂತು ಪಟ್ಟಿ ತೆಗೆದು ನೋಡಿದೆ. 25 ಡಿಗ್ರಿಯಲ್ಲಿ 12ರ ಒತ್ತಡವೂ 80ರ ಆಸುಪಾಸು, 134ಎಯದೂ 80ರ ಆಸುಪಾಸು. ಗೇಜ್ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ. ಎಸಿಗೆ ತುಂಬುವ ಇನ್ನೊಂದು ಗ್ಯಾಸ್ ಆರ್-22 ಆಗಿದ್ದರೆ ಮುಳ್ಳು 135ರ ಹತ್ತಿರ ಹೋಗುತ್ತಿತ್ತು, ಸಿಕ್ಕಿಬೀಳುತ್ತಿತ್ತು. 12ನ್ನು 134ಎ ಅಂತ ತರುವವನಿಗೆ ಇದು ಗೊತ್ತು. ನನಗೆ ಗೊತ್ತಿರಲಿಲ್ಲ.

ಒಂದು ಕಿಲೋ ಆರ್-12 ಗಾಳಿಗೆ ಸೇರಿದರೆ ಸುಮಾರು 10,900 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಹೆಚ್ಚುತ್ತದೆ. ಓಝೋನ್‌ಗೆ ಆಗುವ ಹಾನಿ ಬೇರೆ. ಅಂದರೆ ಆ ಒಂದು ಸಣ್ಣ ಸಿಲಿಂಡರ್ ಸುಮಾರು 148 ಟನ್‌ಗೆ ಸಮ. ನಾನು ಬಿಟ್ಟ ಲೋಡ್‌ನಲ್ಲಿ ನಿಜವಾಗಿ ಏನಿತ್ತು ಅಂತ ಇನ್ನು ಯಾರೂ ಹೇಳಲಾರರು, ಅಷ್ಟರಲ್ಲಿ ಅದು ಮಾರಾಟ ಆಗಿಹೋಗಿತ್ತು. ಅವತ್ತಿನಿಂದ ಯಂತ್ರ ಇಲ್ಲದೆ ಗ್ಯಾಸ್ ಬಿಡಲಿಲ್ಲ. ಯಂತ್ರವನ್ನೂ ಒಂದು ಸಿಲಿಂಡರ್‌ಗೆ ಹಾಕಿ ಸುಮ್ಮನಾಗುವಂತಿಲ್ಲ. ವಾಲ್ವ್ ಕೆಳಗೆ ಸಣ್ಣ ಕೋಣೆ ಮಾಡಿ ಅದರಲ್ಲಿ ಮಾತ್ರ ಸರಿಯಾದ ಗ್ಯಾಸ್ ತುಂಬುವ ಉಪಾಯವೂ ಇದೆ. ತೂಗಬೇಕು, ಅಲ್ಲಾಡಿಸಿ ನೋಡಬೇಕು, ಲೋಡಿನ ಹಿಂದಿನ ಸಾಲಿನಿಂದ ಆರಿಸಬೇಕು.

ಕಸದ ಕಂಟೇನರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರಲ್ಲಿ ನನಗೆ ಅನುಭವ ಕಡಿಮೆ. ರದ್ದಿ ಕಾಗದ ಅಂತ ಬರೆದದ್ದರೊಳಗೆ ಬಳಸಿದ ಪ್ಲಾಸ್ಟಿಕ್, ಮನೆಕಸ ಬಂದದ್ದನ್ನು ಎರಡು ಸಲ ಕಂಡಿದ್ದೇನೆ. ಬಾಗಿಲು ತೆಗೆದರೆ ವಾಸನೆಯೇ ಹೇಳುತ್ತದೆ. 2016ರ ನಿಯಮದ ಪ್ರಕಾರ ಅಕ್ರಮ ಕಸವನ್ನು ತರಿಸಿದವನೇ ತನ್ನ ಖರ್ಚಿನಲ್ಲಿ 90 ದಿನದೊಳಗೆ ವಾಪಸ್ ಕಳಿಸಬೇಕು. ತರಿಸಿದವನು ಕಾಣೆಯಾದರೆ ಕಂಟೇನರ್ ಬಂದರಿನಲ್ಲೇ ಕೊಳೆಯುತ್ತದೆ. ಮುಂಬೈ ಬಳಿಯ ನ್ಹಾವಾ ಶೇವಾದಲ್ಲಿ 133 ಕಂಟೇನರ್ ಹಾಳು ಎಣ್ಣೆ ಬಂದು ಬಿದ್ದಿತ್ತು. ಕೊನೆಗೆ ಸುಪ್ರೀಂ ಕೋರ್ಟೇ 2005ರಲ್ಲಿ ಅದನ್ನು ಸುಡಲು ಹೇಳಬೇಕಾಯಿತು. ಬೇರೆ ದೇಶದ ಕಸ ಸುಡುವ ಹೊಗೆ ನಮ್ಮ ಪಾಲಿಗೆ.

ಮತ್ತೆ ಆಮೆಗಳಿಗೆ ಬರುತ್ತೇನೆ. ಬೆಳಗ್ಗೆ ಏಳಕ್ಕೆ ಅರಣ್ಯ ಇಲಾಖೆಯವರು ಬಂದು ತೆಗೆದುಕೊಂಡು ಹೋದರು. ಅವು ನೇರ ಕಾಡಿಗೆ ಹೋಗಿರುತ್ತವೆ ಅಂತ ನಾನು ಅಂದುಕೊಂಡಿದ್ದೆ. ಹಾಗಾಗುವುದಿಲ್ಲ. ಬೇರೆ ಬೇರೆ ಕಡೆಯಿಂದ ಹಿಡಿದು ಒಂದೇ ಬ್ಯಾಗಿನಲ್ಲಿ ತುಂಬಿದ ಮರಿಗಳವು. ಯಾವುದು ಯಾವ ಸೀಮೆಯದು ಅಂತ ತಿಳಿಯದೆ ಬಿಟ್ಟರೆ ರೋಗ ಹರಡುತ್ತದೆ, ತಳಿ ಬೆರೆಯುತ್ತದೆ. ಹಾಗಾಗಿ ಎಷ್ಟೋ ಆಮೆಗಳು ವರ್ಷಗಟ್ಟಲೆ ಆವರಣದಲ್ಲೇ ಇರುತ್ತವೆ. 2018ರ ನವೆಂಬರ್‌ನಲ್ಲಿ ಸಿಂಗಾಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳನ್ನು ಬೆಂಗಳೂರಿಗೆ ವಾಪಸ್ ತಂದರು. ಅವು ಬಂದವು ಅಂತ ಓದಿದ ದಿನ ನಮ್ಮ ಹವಾಲ್ದಾರರಿಗೆ ಫೋನ್ ಮಾಡಿ ಹೇಳಿದೆ. ಆಗಲೇ ಅವರು ನಿವೃತ್ತರಾಗಿದ್ದರು. "ನಮ್ಮವು ಹೋಗಲಿಲ್ವಲ್ಲ ಸಾರ್, ಅದೇ ಸಂತೋಷ" ಅಂದರು.

2019ರಲ್ಲಿ ಸೈಟ್ಸ್ ಒಪ್ಪಂದ ನಕ್ಷತ್ರ ಆಮೆಯನ್ನು ಮೊದಲ ಪಟ್ಟಿಗೆ ಏರಿಸಿತು. ಅಂದರೆ ವ್ಯಾಪಾರಕ್ಕಾಗಿ ದೇಶ ದಾಟಿಸುವಂತೆಯೇ ಇಲ್ಲ. ನಮ್ಮ ಕಾಯ್ದೆಯಲ್ಲೂ ಈಗ ಮೊದಲ ಶೆಡ್ಯೂಲಿಗೆ ಬಂದಿದೆ. ಮೂರರಿಂದ ಏಳು ವರ್ಷ ಜೈಲು. ಆದರೆ ನಮ್ಮ ಕೇಸು ಹಳೆಯದು, ಆಗಿನ ಕಾನೂನೇ ಅದಕ್ಕೆ.

ಇನ್ನೊಂದು ಸಂತೋಷದ ವಿಷಯ. ನಮ್ಮ ಇಲಾಖೆಯ ಹೊಸ ಅಕಾಡೆಮಿ 2024ರ ಜನವರಿಯಲ್ಲಿ ಹಿಂದೂಪುರದ ಹತ್ತಿರ ಪಾಲಸಮುದ್ರದಲ್ಲಿ ಶುರುವಾಯಿತು. ಪಾವಗಡದಿಂದ ದೂರವೇನಲ್ಲ. ಅದೇ ಕುರುಚಲು ಕಾಡು, ಅದೇ ಕೆಂಪು ಮಣ್ಣು, ಅದೇ ಆಮೆಯ ಸೀಮೆ. ಅಲ್ಲಿ ತರಬೇತಿಗೆ ಬರುವ ಮಕ್ಕಳು ಮಳೆ ಬಂದ ಮಾರನೇ ದಿನ ಬೆಳಗ್ಗೆ ಬೇಲಿಯ ಪಕ್ಕ ಒಂದು ಸುತ್ತು ನಡೆಯಲಿ ಅಂತ ನನ್ನ ಆಸೆ. ಫೋಟೋ ತೆಗೆದರೆ ಜಾಗದ ಹೆಸರು ಹಾಕಿ ಎಲ್ಲೂ ಹಂಚಬಾರದು ಅಷ್ಟೇ. ಹಿಡಿಯುವವರೂ ಆ ಫೋಟೋಗಳನ್ನೇ ನೋಡುತ್ತಾರೆ.

ಆ ಹುಡುಗನಿಗೆ ಜಾಮೀನು ಸಿಕ್ಕಿತು. ಬ್ಯಾಗ್ ಕೊಟ್ಟವನು ಸಿಗಲಿಲ್ಲ. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ನನ್ನನ್ನು ಕೇಳಿದರು, "ನೀವು ಪ್ರಾಣಿಶಾಸ್ತ್ರ ಓದಿದ್ದೀರಾ?" ಇಲ್ಲ, ಬಿ.ಕಾಂ. ಅಂದೆ. "ಹಾಗಾದರೆ ಇದು ನಕ್ಷತ್ರ ಆಮೆ ಅಂತ ಹೇಗೆ ಹೇಳುತ್ತೀರಿ?" ಅವತ್ತು ಬೆಳಗ್ಗೆಯೇ ಪಶುವೈದ್ಯರಿಂದ ಜಾತಿ ಗುರುತಿಸಿದ ಪತ್ರ ಬರೆಸಿ ಮಹಜರಿಗೆ ಸೇರಿಸಿದ್ದೆವು. ಅದನ್ನು ತೋರಿಸಿದೆ. ಆ ಒಂದು ಹಾಳೆ ಇರದಿದ್ದರೆ ಕೇಸು ಅಲ್ಲೇ ಬಿದ್ದುಹೋಗುತ್ತಿತ್ತು. ಹೊಸಬರಿಗೆ ಹೇಳುವುದೂ ಇದನ್ನೇ. ತಜ್ಞರ ಪತ್ರ ನಾಳೆಗೆ ಬೇಡ, ಅವತ್ತೇ ಬೇಕು.

ಟ್ರಾಲಿ ಬ್ಯಾಗು ಮತ್ತು ಕತ್ತರಿಸಿದ ಕಾಲ್ಚೀಲಗಳು ಸೀಲು ಹಾಕಿದ ಡಬ್ಬದಲ್ಲಿ ಈಗಲೂ ಗೋದಾಮಿನಲ್ಲಿವೆ. ನಾನು ನಿವೃತ್ತನಾದೆ, ಸಾಕ್ಷಿ ನಿವೃತ್ತನಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಹಿಯರಿಂಗ್ ಇದೆ. ಮಹಜರಿನ ನಕಲು ತೆಗೆದಿಟ್ಟಿದ್ದೇನೆ, ಹೋಗುವ ಮುಂಚೆ ಇನ್ನೊಂದು ಸಲ ಪೂರ್ತಿ ಓದಿಕೊಳ್ಳಬೇಕು.